ಭರಣಿಯ ಶುದ್ಧಿ, ಬ್ಲೀಚಿನ ಲೆಕ್ಕ



ಮೊನ್ನೆ ಒಂದು ರವಿವಾರ ಸಂಜೆ ಪತ್ರಿಕೆಗಳನ್ನು ಮಡಚಿ ಕಪಾಟಿಗೆ ಇಡುತ್ತಿದ್ದಾಗ, ನಮ್ಮ ಖೋಲಿಯಲ್ಲಿಯೇ ಇರುವ ಕುಂದಾಪುರ ಕಡೆಯ ತರುಣನೊಬ್ಬ ಬಂದು ಒಂದು ಪ್ರಶ್ನೆ ಕೇಳಿದ. “ಅಣ್ಣಾ, ಮನೆಯಲ್ಲಿ ಬಿಯರು ಮಾಡುವವರು ಬಟ್ಟೆಗೆ ಹಾಕುವ ಬ್ಲೀಚಿನಿಂದಲೇ ಡಬ್ಬ, ಬಾಟಲಿ ಶುದ್ಧ ಮಾಡುತ್ತಾರಂತೆ. ಹೌದಾ? ಹಾಗಾದರೆ ಅಮ್ಮನ ಮಿಡಿ ಉಪ್ಪಿನಕಾಯಿಯ ಭರಣಿಗೂ ಅದನ್ನು ಹಾಕಬಹುದಾ?”

ಈ ತರುಣ ಅಂಧೇರಿಯ ಒಂದು ಹೋಟೆಲಿನಲ್ಲಿ ರಾತ್ರಿ ಪಾಳಿಯವನು. ಅಲ್ಲಿ ಪರವಾನಗಿ ಪಡೆದು ತಮ್ಮದೇ ಬಿಯರನ್ನು ತಯಾರಿಸಿ ಬಡಿಸುತ್ತಾರೆ. ಪಾತ್ರೆ ತೊಳೆಯುವುದಕ್ಕೆ ಅಲ್ಲಿ ಎಷ್ಟು ಹೊತ್ತು ಕಳೆಯುತ್ತಾರೆಂಬುದನ್ನು ಕಣ್ಣಾರೆ ಕಂಡು ಅವನಿಗೆ ಆಶ್ಚರ್ಯವಾಗಿದೆ. ಊರಿನಿಂದ ಬಂದ ಅಪ್ಪೆಮಿಡಿಯ ಭರಣಿಗೆ ಹೋದ ಮಳೆಗಾಲದಲ್ಲಿ ಬೂಸಲು ಬಂದು, ಅಷ್ಟನ್ನೂ ಚೆಲ್ಲಬೇಕಾಯಿತು ಎಂಬ ಸಂಕಟವೂ ಇದೆ. ಎರಡನ್ನೂ ಸೇರಿಸಿ ಕೇಳಿದ ಪ್ರಶ್ನೆ ಇದು.

ಬ್ಲೀಚಿನ ವಿಷಯವಾಗಿ ಈ ಹುಡುಗ ನಮ್ಮನ್ನೇ ಕೇಳಿದನಲ್ಲ ಎಂದು ನಮಗೆ ಮನಸ್ಸು ಭಾರವಾಯಿತು. ಕಾರಣವನ್ನು ಮುಂದೆ ಹೇಳುತ್ತೇವೆ. ನಾವು ಕಲಿತದ್ದು ಮೆಟ್ರಿಕ್ ತನಕ, ರಸಾಯನ ಶಾಸ್ತ್ರಜ್ಞರಲ್ಲ. ಆದರೆ ಬಟ್ಟೆಗೆ ಬಿಳುಪು ಕೊಡುವ ಗಿರಣಿಯಲ್ಲಿ ಸ್ಟೋರಿನ ಲೆಕ್ಕ ಬರೆಯುವ ನಮಗೆ ಬ್ಲೀಚು ದಿನನಿತ್ಯದ ಪರಿಚಯದ ಸರಕು. ತಿಳಿದವರನ್ನು ಕೇಳಿ, ಓದಿ, ಖಚಿತವಾದದ್ದನ್ನು ಮಾತ್ರ ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇವೆ.

ಕಾಯಿದೆಯ ಮಾತು ಮೊದಲು

ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರನ್ನಾಗಲಿ ದ್ರಾಕ್ಷಿಯ ವೈನನ್ನಾಗಲಿ ತಯಾರಿಸುವುದು ಮಹಾರಾಷ್ಟ್ರದಲ್ಲಿ ಅಪರಾಧ. ೧೯೪೯ರ ಮದ್ಯನಿಷೇಧ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ‘ಒಂದೇ ಭರಣಿ, ನಮಗಷ್ಟೇ’ ಎಂದರೆ ಆ ನೆವ ನಡೆಯದು. ಸೆರೆಮನೆ, ದಂಡ ಎರಡಕ್ಕೂ ದಾರಿಯಾದೀತು. ಊರು ಬಿಟ್ಟು ದುಡಿಯಲು ಬಂದವನಿಗೆ ಒಂದು ದಿನದ ಪೊಲೀಸು ಠಾಣೆಯೂ ಭಾರ.

ಬ್ಲೀಚಿನಿಂದ ಬಾಟಲಿ ತೊಳೆಯುವ ಪದ್ಧತಿ ಹೆಚ್ಚಾಗಿ ಬೆಳೆದದ್ದು ಹೊರದೇಶಗಳಲ್ಲಿ. ಬ್ರಿಟನ್ನಿನಲ್ಲಿ ೧೯೬೩ರಿಂದ ಸ್ವಂತಕ್ಕಾಗಿ ಬಿಯರು ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ. ಅಮೇರಿಕೆಯಲ್ಲಿ ೧೯೭೮ರ ಕಾನೂನು ಇದಕ್ಕೆ ಬಾಗಿಲು ತೆರೆಯಿತು. ಅಲ್ಲಿನ ಹವ್ಯಾಸಿಗಳಿಗೆ ಅಗ್ಗವಾಗಿ ಕೈಗೆ ಸಿಕ್ಕ ಶುದ್ಧಿಕಾರಕ ಎಂದರೆ ಬಟ್ಟೆಯ ಬ್ಲೀಚು. ಆದ್ದರಿಂದ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ: ಹೌದು, ಹಾಗೆ ಮಾಡುತ್ತಾರೆ. ನಮಗೆ ಬೇಕಾದದ್ದು ಬಿಯರಲ್ಲ, ಆ ತೊಳೆಯುವ ವಿದ್ಯೆ. ಉಪ್ಪಿನಕಾಯಿಯ ಭರಣಿ, ಉಪ್ಪುನೀರಿನ ಮಿಡಿ, ಕುಡಿಯುವ ನೀರಿನ ಕ್ಯಾನು ಮುಂತಾದವುಗಳಿಗೆ ಅದೇ ವಿದ್ಯೆ ಸಲ್ಲುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಪಕ್ಕದ ಮಲಾಡಿನ ಮಾಲವಣಿಯಲ್ಲಿ ೨೦೧೫ರ ಜೂನ್ ತಿಂಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ದುಡಿದು ತಿನ್ನುವವರು. ಅವರನ್ನು ಕೊಂದದ್ದು ಕೊಳಕು ಬಾಟಲಿಯಲ್ಲ, ಅದರೊಳಗಿದ್ದ ಮೆಥನಾಲ್ ಎಂಬ ವಿಷ. ಎಷ್ಟು ಶುದ್ಧವಾದ ಬಾಟಲಿಯಲ್ಲಿ ಹಾಕಿಕೊಟ್ಟರೂ ಮೆಥನಾಲ್ ಮೆಥನಾಲೇ. ಬ್ಲೀಚು ಪಾತ್ರೆಯ ಮೈಮೇಲಿನ ಕ್ರಿಮಿಗೆ ಮದ್ದು, ಪಾತ್ರೆಯೊಳಗಿನ ವಿಷಕ್ಕೆ ಮದ್ದಲ್ಲ.

ಬಟ್ಟೆಯಿಂದ ಪಾತ್ರೆಗೆ

ಬ್ಲೀಚು ಹುಟ್ಟಿದ್ದು ಕ್ರಿಮಿ ಕೊಲ್ಲುವುದಕ್ಕಲ್ಲ, ನಮ್ಮಂಥ ಗಿರಣಿಗಳ ಕೆಲಸಕ್ಕೆ. ಹಿಂದೆ ಯೂರೋಪಿನಲ್ಲಿ ನೆಯ್ದ ಬಟ್ಟೆಯನ್ನು ಬಿಳುಪಾಗಿಸಲು ಹುಲ್ಲುಗಾವಲಿನಲ್ಲಿ ಹಾಸಿ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತಿದ್ದರು. ನಡುವೆ ಹುಳಿ ಹಾಲಿನಲ್ಲಿ ಅದ್ದುತ್ತಿದ್ದರು. ೧೭೭೪ರಲ್ಲಿ ಸ್ವೀಡನ್ನಿನ ಶೀಲೆ ಎಂಬ ವಿಜ್ಞಾನಿ ಕ್ಲೋರಿನ್ ಅನಿಲವನ್ನು ಕಂಡುಹಿಡಿದನು. ಫ್ರಾನ್ಸಿನ ಬರ್ತೊಲೆ ಎಂಬಾತ ೧೭೮೦ರ ದಶಕದಲ್ಲಿ ಅದು ಬಟ್ಟೆಗೆ ಬಿಳುಪು ಕೊಡುತ್ತದೆಂದು ತೋರಿಸಿದನು. ೧೭೯೯ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಕ್ಲೋರಿನ್ನನ್ನು ಸುಣ್ಣಕ್ಕೆ ಹೀರಿಸಿ ಪುಡಿಯಾಗಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಅದೇ ನಾವು ಶಾಲೆಯಲ್ಲಿ ಓದಿದ ಚಲುವೆ ಪುಡಿ, ಬಾಯಿಮಾತಿನ ಬ್ಲೀಚಿಂಗ್ ಪೌಡರು.

ಬಟ್ಟೆಯ ಸರಕು ಆಸ್ಪತ್ರೆಗೆ ಬಂದ ಕಥೆ ಇನ್ನೂ ದೊಡ್ಡದು. ೧೮೪೭ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೈದ್ಯ ಸೆಮ್ಮೆಲ್‌ವೈಸ್, ಹೆಣ ಕೊಯ್ದ ಕೈಯನ್ನು ಚಲುವೆ ಪುಡಿಯ ನೀರಿನಲ್ಲಿ ತೊಳೆಯದೆ ಯಾರೂ ಬಾಣಂತಿಯನ್ನು ಮುಟ್ಟಕೂಡದೆಂದು ಕಟ್ಟು ಮಾಡಿದನು. ಬಾಣಂತಿಯರ ಸಾವು ಬಹಳ ಕೆಳಗಿಳಿಯಿತು. ಕ್ರಿಮಿಗಳಿಂದ ರೋಗ ಬರುತ್ತದೆಂಬುದು ಆಗ ಇನ್ನೂ ಸ್ಥಾಪನೆಯಾಗಿರಲಿಲ್ಲ. ಆತ ನಂಬಿದ್ದು ಕಣ್ಣಮುಂದಿನ ಲೆಕ್ಕವನ್ನು.

ಇಂದು ಮುಂಬಯಿಯ ನಲ್ಲಿಗೆ ಬರುವ ನೀರೂ ಭಾಂಡುಪಿನಂಥ ಶುದ್ಧೀಕರಣ ಸ್ಥಾವರಗಳಲ್ಲಿ ಕ್ಲೋರಿನ್ ಕಂಡೇ ಬರುತ್ತದೆ. ಬೆಳಿಗ್ಗೆ ಒಮ್ಮೊಮ್ಮೆ ಮೂಗಿಗೆ ತಾಗುವ ಆ ವಾಸನೆ ಅದರದೇ.

ಹುದುಗುವಲ್ಲಿ ಶುದ್ಧಿ ಯಾಕೆ?

ದೋಸೆ ಹಿಟ್ಟು ಉಬ್ಬುವುದು, ಹಾಲು ಮೊಸರಾಗುವುದು, ಬಾರ್ಲಿಯ ರಸ ಬಿಯರಾಗುವುದು, ಇವೆಲ್ಲ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಫ್ರಾನ್ಸಿನ ಲೂಯಿ ಪಾಶ್ಚರ್ ೧೮೭೬ರಲ್ಲಿ ಬಿಯರನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿ, ಬಿಯರು ಕೆಡುವುದು ಬೇಡದ ಸೂಕ್ಷ್ಮಜೀವಿಗಳು ಹೊಕ್ಕಾಗ ಎಂದು ತೋರಿಸಿಕೊಟ್ಟನು. ಕುದಿಸಿ ಆರಿಸಿದ ಸಿಹಿ ರಸ ಎಂದರೆ ಬಾಗಿಲಿಲ್ಲದ ಊಟದ ಮನೆ. ನಾವು ಕರೆದ ಯೀಸ್ಟು ಎಲೆ ಮುಂದೆ ಕೂರುವುದಕ್ಕೆ ಮೊದಲೇ ಕರೆಯದ ಅತಿಥಿಗಳು ನುಗ್ಗಿದರೆ ಊಟ ಅವರ ಪಾಲು, ಹುಳಿ ವಾಸನೆ ನಮ್ಮ ಪಾಲು. ಆದಕಾರಣ ಬಿಯರು ಮಾಡುವವರ ಅರ್ಧ ಕೆಲಸ ತೊಳೆಯುವುದೇ ಆಗಿರುತ್ತದೆ.

ಉಪ್ಪಿನಕಾಯಿಗೆ ಉಪ್ಪು, ಹುಳಿ, ಖಾರದ ಕಾವಲಿದೆ. ಆದರೂ ಭರಣಿಯ ಕಂಠದಲ್ಲಿ, ಮುಚ್ಚಳದ ಅಂಚಿನಲ್ಲಿ ಉಳಿದ ತೇವ ಮತ್ತು ಹಳೆಯ ಮಸಾಲೆಯ ಪಸೆ ಬೂಸಲಿಗೆ ನೆಲೆ ಕೊಡುತ್ತವೆ.

ತೊಳೆಯುವುದು ಬೇರೆ, ಶುದ್ಧಿ ಬೇರೆ

ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿರಿ: ಬ್ಲೀಚು ಕೊಳೆ ತೆಗೆಯುವ ಸರಕಲ್ಲ, ಕೊಳೆ ಹೋದ ಮೇಲೆ ಉಳಿದ ಕ್ರಿಮಿಯನ್ನು ಕೊಲ್ಲುವ ಸರಕು. ಕ್ಲೋರಿನ್ನಿಗೆ ಕ್ರಿಮಿಯೂ ಒಂದೇ, ಅನ್ನದ ಅಗುಳೂ ಒಂದೇ, ಎಣ್ಣೆಯ ಪಸೆಯೂ ಒಂದೇ. ಎದುರಿಗೆ ಸಿಕ್ಕಿದ್ದರ ಮೇಲೆ ಅದು ಖರ್ಚಾಗುತ್ತದೆ. ಪಸೆಯಿರುವ ಭರಣಿಗೆ ಬ್ಲೀಚಿನ ನೀರು ಹೊಯ್ದರೆ, ಪಗಾರದ ದಿನವೇ ಅಂಗಡಿ ಸಾಲಕ್ಕೆ ಹಣವೆಲ್ಲ ಹೋದ ಹಾಗೆ, ಮುಖ್ಯ ಕೆಲಸಕ್ಕೆ ಏನೂ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಬಿಸಿನೀರು, ಸಾಬೂನು, ಕುಂಚ. ಬೆರಳಿಗೆ ಜಿಡ್ಡು ತಾಗದಷ್ಟು ತಿಕ್ಕಬೇಕು. ಆಮೇಲೆ ಸಾಬೂನು ಪೂರ್ತಿ ಹೋಗುವಂತೆ ಜಾಲಿಸಬೇಕು. ಇಷ್ಟಾದ ಮೇಲೆ ಬ್ಲೀಚಿನ ಸರದಿ.

ಅಳತೆಯ ಲೆಕ್ಕ

ಅಂಗಡಿಯ ಬ್ಲೀಚು ಎಂದರೆ ನೀರಿನಲ್ಲಿ ಕರಗಿದ ಸೋಡಿಯಂ ಹೈಪೋಕ್ಲೋರೈಟ್. ಮನೆಬಳಕೆಯ ಬಾಟಲಿಯಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ೩ರಿಂದ ೬ ಪಾಲು. ಗಿರಣಿಗೆ ಬರುವ ಪೀಪಾಯಿಯ ಸರಕು ಇದಕ್ಕಿಂತ ಎಷ್ಟೋ ಗಡಸು. ಅದನ್ನು ಮನೆಗೆ ತರಲೇಬಾರದು. ಬಾಟಲಿಯ ಚೀಟಿಯನ್ನು ಓದಿರಿ. ಸುಗಂಧ ಸೇರಿಸಿದ್ದು, ಮಂದವಾಗಿ ಅಂಟುವಂತೆ ಮಾಡಿದ್ದು, ಸಾಬೂನು ಬೆರೆತದ್ದು ಆಹಾರದ ಪಾತ್ರೆಗೆ ಬೇಡ. ಸಾದಾ ಬ್ಲೀಚೇ ಆಗಬೇಕು.

ಪಾತ್ರೆಯ ಶುದ್ಧಿಗೆ ಲೀಟರು ನೀರಿಗೆ ೨೦೦ ಮಿಲಿಗ್ರಾಂ ಕ್ಲೋರಿನ್ ಇದ್ದರೆ ಸಾಕು. ನೂರಕ್ಕೆ ೪ ಪಾಲಿನ ಬ್ಲೀಚಿನ ಒಂದು ಮಿಲಿಲೀಟರಿನಲ್ಲಿ ಸುಮಾರು ೪೦ ಮಿಲಿಗ್ರಾಂ ಇರುತ್ತದೆ. ೨೦೦ನ್ನು ೪೦ರಿಂದ ಭಾಗಿಸಿದರೆ ೫. ಅಂದರೆ ಲೀಟರಿಗೆ ೫ ಮಿಲಿಲೀಟರು, ಒಂದು ಚಹಾ ಚಮಚ. ಹತ್ತು ಲೀಟರಿನ ಬಾಲ್ದಿಗೆ ೫೦ ಮಿಲಿಲೀಟರು. ಬ್ಲೀಚು ೫ ಪಾಲಿನದಾದರೆ ಅದೇ ಬಾಲ್ದಿಗೆ ೪೦ ಮಿಲಿಲೀಟರು ಸಾಕು. ಔಷಧದ ಬಾಟಲಿಯ ಮೇಲೆ ಬರುವ ಅಳತೆಯ ಮುಚ್ಚಳ ಈ ಕೆಲಸಕ್ಕೆ ಒಳ್ಳೆಯದು; ಆದರೆ ಅದನ್ನು ಮತ್ತೆ ಔಷಧಕ್ಕೆ ಬಳಸಬಾರದು.

ಚಲುವೆ ಪುಡಿಯಲ್ಲಿ ಹೊಸದಾಗಿದ್ದಾಗ ನೂರಕ್ಕೆ ಸುಮಾರು ೩೩ ಪಾಲು ಕೆಲಸ ಮಾಡುವ ಕ್ಲೋರಿನ್ ಇರುತ್ತದೆ. ಆದ್ದರಿಂದ ಹತ್ತು ಲೀಟರಿಗೆ ೬ ಗ್ರಾಂ. ನೀರಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಳಸಬೇಕು.

‘ಎರಡು ಚಮಚ ಹೆಚ್ಚಿಗೆ ಹಾಕಿದರೆ ಇನ್ನೂ ಶುದ್ಧವಲ್ಲವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಸತ್ತ ಕ್ರಿಮಿ ಎರಡನೆಯ ಸಲ ಸಾಯುವುದಿಲ್ಲ. ಹೆಚ್ಚಿಗೆ ಹಾಕಿದ್ದು ಕೈ ಸುಡುತ್ತದೆ, ಮೂಗು ಉರಿಸುತ್ತದೆ, ಪಾತ್ರೆಯಲ್ಲಿ ವಾಸನೆ ಉಳಿಸುತ್ತದೆ.

ಇನ್ನೊಂದು ಸಂಗತಿಯನ್ನು ಸ್ಟೋರಿನ ಖಾತೆ ನಮಗೆ ಕಲಿಸಿದೆ. ಬ್ಲೀಚು ಇಟ್ಟಲ್ಲಿಯೇ ಸತ್ವ ಕಳೆದುಕೊಳ್ಳುವ ಸರಕು. ಬಿಸಿಲು, ಸೆಕೆ ಇದ್ದಲ್ಲಿ ಇನ್ನೂ ಬೇಗ. ಆದ್ದರಿಂದಲೇ ಗಿರಣಿಯಲ್ಲಿ ಹಳೆಯ ಪೀಪಾಯಿಯನ್ನು ಮತ್ತೆ ಪರೀಕ್ಷಿಸದೆ ಬಳಸುವುದಿಲ್ಲ. ಮನೆಯಲ್ಲಿ ಆ ಪರೀಕ್ಷೆ ಸಾಧ್ಯವಿಲ್ಲ. ಸಣ್ಣ ಬಾಟಲಿ ಕೊಳ್ಳಿರಿ, ತಯಾರಿಸಿದ ತಾರೀಖು ನೋಡಿರಿ, ಕತ್ತಲೆ ಮೂಲೆಯಲ್ಲಿ ಇಡಿರಿ. ನೀರಿಗೆ ಬೆರೆಸಿದ್ದನ್ನು ಅದೇ ದಿನ ಬಳಸಿ ಚೆಲ್ಲಿಬಿಡಿರಿ.

ಶುದ್ಧಿಯ ಕ್ರಮ

ತಣ್ಣೀರಿಗೆ ಅಳೆದ ಬ್ಲೀಚನ್ನು ಬೆರೆಸಿರಿ. ಬಿಸಿನೀರು ಬೇಡ, ಅದರಲ್ಲಿ ಸತ್ವ ಬೇಗ ಹಾರುತ್ತದೆ. ಕಿಟಕಿ ತೆರೆದಿರಲಿ. ಕೈಗೆ ರಬ್ಬರ್ ಚೀಲ ಇರಲಿ. ಭರಣಿಯೂ ಮುಚ್ಚಳವೂ ಪೂರ್ತಿ ಮುಳುಗುವಂತೆ, ಒಳಗೆ ಗಾಳಿಯ ಗುಳ್ಳೆ ನಿಲ್ಲದಂತೆ ಇಟ್ಟು ಗಡಿಯಾರ ನೋಡಿ ೨೦ ನಿಮಿಷ ಬಿಡಿರಿ. ಅದ್ದಿ ತೆಗೆದರೆ ಶುದ್ಧಿಯಾಗದು; ಕ್ರಿಮಿ ಸಾಯುವುದಕ್ಕೂ ವೇಳೆ ಬೇಕು.

ಬಳಿಕ ನೀರನ್ನು ಚೆಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿರಿ. ಇಲ್ಲಿ ಹಲವರು ತಪ್ಪುತ್ತಾರೆ. ಇಷ್ಟೆಲ್ಲ ಮಾಡಿ ಕೊನೆಗೆ ಮೂರು ದಿನದ ಡ್ರಮ್ಮಿನ ನೀರಿನಲ್ಲಿ ಜಾಲಿಸಿದರೆ ಹೊರಗೆ ಹಾಕಿದ ಕ್ರಿಮಿಯನ್ನು ನಾವೇ ಒಳಗೆ ಕರೆದಂತೆ. ಜಾಲಿಸದೆ ಬಿಟ್ಟರೂ ಹಾನಿಯೇ. ಉಳಿದ ಕ್ಲೋರಿನ್ ಬಾರ್ಲಿ, ದ್ರಾಕ್ಷಿಗಳಲ್ಲಿರುವ ಕೆಲವು ಅಂಶಗಳೊಡನೆ ಕೂಡಿ ಆಸ್ಪತ್ರೆಯ ಔಷಧದಂಥ ವಾಸನೆ ಹುಟ್ಟಿಸುತ್ತದೆ. ಬಿಯರು ಮಾಡುವವರು ಇದಕ್ಕೆ ಬಹಳ ಹೆದರುತ್ತಾರೆ.

ಕೊನೆಗೆ ಒಣಗಿಸುವುದು. ಒರೆಸುವ ವಸ್ತ್ರ ಬೇಡ. ವಸ್ತ್ರದಲ್ಲಿ ಮತ್ತೆ ಕ್ರಿಮಿ. ಭರಣಿಯನ್ನು ಬೋರಲು ಹಾಕಿ ನೀರು ಇಳಿಸಿ, ಬಿಸಿಲಿದ್ದರೆ ಬಿಸಿಲಿಗೆ ಇಡಿರಿ. ಜುಲೈ ತಿಂಗಳ ಗೋರೆಗಾಂವಿನಲ್ಲಿ ಬಿಸಿಲನ್ನು ಕಾಯುವುದು ವ್ಯರ್ಥ; ಫ್ಯಾನಿನ ಗಾಳಿಗೆ ಒಂದು ರಾತ್ರಿ ಬಿಟ್ಟರಾಯಿತು. ಉಪ್ಪಿನಕಾಯಿಯ ಭರಣಿಯಲ್ಲಿ ಒಂದು ಹನಿ ತೇವವೂ ಉಳಿಯಬಾರದು.

ಯಾವುದಕ್ಕೆ ಬೇಡ?

ಗಾಜು, ಹೊಳಪು ಬಿರಿಯದ ಪಿಂಗಾಣಿ, ಗೀರು ಬೀಳದ ಗಟ್ಟಿ ಪ್ಲಾಸ್ಟಿಕ್, ಇವಕ್ಕೆ ಬ್ಲೀಚು ಆಗುತ್ತದೆ. ಪ್ಲಾಸ್ಟಿಕ್ಕಿನ ಗೀರಿನಲ್ಲಿ ಅಡಗಿದ ಕ್ರಿಮಿಗೆ ಬ್ಲೀಚು ತಲುಪದು. ಅಂಥ ಡಬ್ಬವನ್ನು ಆಹಾರಕ್ಕೆ ಬಿಟ್ಟುಬಿಡಬೇಕು. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರಗಳನ್ನು ಬ್ಲೀಚು ತಿನ್ನುತ್ತದೆ. ಸ್ಟೀಲಿನಲ್ಲೂ ಬಹಳ ಹೊತ್ತು ನಿಂತರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ದೋಸೆ ಹಿಟ್ಟಿನ ಸ್ಟೀಲು ಪಾತ್ರೆಗೆ ಕುದಿಯುವ ನೀರೇ ಸಾಕು, ಅದಕ್ಕಿಂತ ಅಗ್ಗದ ಶುದ್ಧಿ ಇಲ್ಲ. ದೊಡ್ಡ ಬಿಯರು ಕಾರ್ಖಾನೆಗಳು ತಮ್ಮ ಸ್ಟೀಲು ಟಾಕಿಗಳಿಗೆ ಕಾಸ್ಟಿಕ್ ಸೋಡ ಮತ್ತು ಪೆರಾಸಿಟಿಕ್ ಆಮ್ಲದಂಥ ಬೇರೆ ಸರಕು ಬಳಸುವುದಕ್ಕೆ ಇದೂ ಒಂದು ಕಾರಣ.

ಬೂಸಲು ಬಂದ ಉಪ್ಪಿನಕಾಯಿಯನ್ನು ಬ್ಲೀಚಿನಿಂದ ಉಳಿಸಬಹುದೆಂದು ಯಾರೂ ಭಾವಿಸಕೂಡದು. ತಿನ್ನುವ ಪದಾರ್ಥಕ್ಕೆ ಅದನ್ನು ಎಂದೂ ಹಾಕಬಾರದು. ಪದಾರ್ಥ ಹೋಗಲಿ, ಭರಣಿಯನ್ನು ಮುಂದಿನ ವರ್ಷಕ್ಕೆ ಉಳಿಸೋಣ.

ನಮ್ಮ ತಪ್ಪು

ಇನ್ನು ಆ ಭಾರದ ಮಾತು. ಇಲ್ಲಿ ‘ನಾವು’ ಎಂದರೆ ಈ ಲೇಖನ ಬರೆಯುವವರೇ. ಖೋಲಿಯ ಉಳಿದವರ ತಪ್ಪು ಇದರಲ್ಲಿ ಏನೂ ಇಲ್ಲ.

ನಾಲ್ಕು ವರ್ಷದ ಹಿಂದೆ ಚೌತಿಯ ಮುಂಚಿನ ರವಿವಾರ. ಚಾಳಿನ ಖೋಲಿಯಲ್ಲಿ ಆರು ಜನ. ಮೂಲೆಯ ಮೋರಿಯ ಕಲ್ಲಿಗೆ ಬಿಳಿಯ ಪೊರೆ ಕಟ್ಟಿತ್ತು. ನಾವು ಸಂಡಾಸಿಗೆ ಹಾಕುವ ಆಸಿಡ್ಡನ್ನು ಅದರ ಮೇಲೆ ಸುರಿದೆವು. ಪೊರೆ ನೊರೆಯಾಗಿ ಎದ್ದಿತು. ವಾಸನೆಯೂ ಹೋಗಲೆಂದು, ಆಸಿಡ್ಡನ್ನು ತೊಳೆಯದೆ, ಅದರ ಮೇಲೆ ಬ್ಲೀಚಿನ ಬಾಟಲಿಯನ್ನೇ ಬಗ್ಗಿಸಿದೆವು. ಒಂದರಿಂದ ಇಷ್ಟು ಶುದ್ಧವಾದರೆ ಎರಡರಿಂದ ಎಷ್ಟು ಶುದ್ಧವಾದೀತು ಎಂಬುದು ನಮ್ಮ ಲೆಕ್ಕ. ಬ್ಲೀಚಿನ ಜಮಾಖರ್ಚು ಬರೆಯುವವರ ಲೆಕ್ಕ!

ಹಳದಿ ಮಿಶ್ರ ಹಸಿರು ಹೊಗೆ ಎದ್ದಿತು. ಅದು ಕ್ಲೋರಿನ್. ಆಸಿಡ್ ತಾಗಿದೊಡನೆ ಬ್ಲೀಚು ತನ್ನೊಳಗಿನ ಕ್ಲೋರಿನ್ನನ್ನು ಅನಿಲವಾಗಿ ಬಿಟ್ಟುಕೊಡುತ್ತದೆ. ಆ ಅನಿಲ ಗಾಳಿಗಿಂತ ಭಾರ. ಮೇಲೇರದೆ ನೆಲದ ಮೇಲೆ ಹರಡುತ್ತದೆ. ನಿಂತಿದ್ದ ನಮಗೆ ಕಣ್ಣುರಿ, ಕೆಮ್ಮು. ರಾತ್ರಿ ಪಾಳಿ ಮುಗಿಸಿ ಬಂದು ಮೋರಿಯ ಪಕ್ಕದಲ್ಲಿ ಚಾಪೆ ಹಾಸಿ ನೆಲದ ಮೇಲೆ ಮಲಗಿದ್ದವನು ಈ ಕುಂದಾಪುರದ ಹುಡುಗ. ಎದ್ದು ಕೂರಲು ಹೋದವನಿಗೆ ಉಸಿರು ಸಿಕ್ಕಲಿಲ್ಲ. ನೆರೆಯವರೂ ನಾವೂ ಎತ್ತಿ ಹೊರಗೆ ತಂದು, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಬದುಕಿದ. ಹದಿನೈದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಆ ದಿನಗಳ ಪಗಾರ ಸಿಗಲಿಲ್ಲ, ಊರಿಗೆ ಹಣ ಕಳಿಸಲಾಗಲಿಲ್ಲ. ಹಣವನ್ನು ನಾವು ಕೊಟ್ಟೆವು. ಅವನ ತಾಯಿ ಫೋನಿನಲ್ಲಿ “ಮಗನಿಗೆ ಏನಾಗಿತ್ತು?” ಎಂದು ಕೇಳಿದಾಗ ಅವನು “ಸಣ್ಣ ಜ್ವರ” ಎಂದ. ನಮ್ಮ ಹೆಸರು ಹೇಳಲಿಲ್ಲ.

ಅದೇ ಹುಡುಗ ಈಗ ಅದೇ ಬ್ಲೀಚಿನ ವಿಷಯವಾಗಿ ನಮ್ಮನ್ನು “ಅಣ್ಣಾ” ಎಂದು ಕೇಳುತ್ತಾನೆ. ಅರ್ಧಂಬರ್ಧ ಉತ್ತರ ಕೊಡುವ ಹಕ್ಕು ನಮಗಿಲ್ಲ. ಈ ಪಾಠ ಇಷ್ಟು ಉದ್ದವಾದದ್ದು ಅದಕ್ಕಾಗಿ.

ಆದ್ದರಿಂದ ಬ್ಲೀಚಿಗೆ ಆಸಿಡ್ ಬೆರೆಸಬಾರದು, ಸಂಡಾಸಿನ ಕ್ಲೀನರು ಬೆರೆಸಬಾರದು, ವಿನೆಗರ್, ಲಿಂಬೆ ಬೆರೆಸಬಾರದು. ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನೂ ಬೆರೆಸಬಾರದು. ಅದರಿಂದ ಬೇರೆ ಬಗೆಯ ವಿಷಗಾಳಿ ಹುಟ್ಟುತ್ತದೆ. ಹೊರದೇಶದ ಕೆಲವು ಬಿಯರು ಹವ್ಯಾಸಿಗಳು ಬ್ಲೀಚಿನ ನೀರಿಗೆ ಚೂರು ವಿನೆಗರ್ ಸೇರಿಸಿ ಅದರ ಶಕ್ತಿ ಹೆಚ್ಚಿಸುವುದುಂಟು. ನಮ್ಮ ಗಾಳಿಯಾಡದ ಖೋಲಿಗಳಲ್ಲಿ ಆ ಸಾಹಸ ಖಂಡಿತ ಬೇಡ.

ತಪ್ಪಿ ಹೊಗೆ ಎದ್ದರೆ ಎಲ್ಲವನ್ನೂ ಬಿಟ್ಟು, ಮಲಗಿದವರನ್ನು ಎಬ್ಬಿಸಿಕೊಂಡು ಹೊರಗೆ ಬರಬೇಕು. ಬಾಟಲಿ ಎತ್ತಿಡಲು ಒಳಗೆ ಮರಳಬಾರದು. ಉಸಿರು ಕಟ್ಟಿದರೆ ೧೦೮ಕ್ಕೆ ಫೋನು. ಕಣ್ಣಿಗೆ ಬ್ಲೀಚು ಸಿಡಿದರೆ ಸಾದಾ ನೀರಿನಲ್ಲಿ ೧೫ ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಯಾರಾದರೂ ಕುಡಿದುಬಿಟ್ಟರೆ ಬಲವಂತದಿಂದ ವಾಂತಿ ಮಾಡಿಸಬಾರದು, ಕೂಡಲೆ ಆಸ್ಪತ್ರೆ. ಬ್ಲೀಚನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಖಾಲಿ ಬಾಟಲಿಗೆ ಎಂದೂ ಹಾಕಿಡಬಾರದು. ಆರು ಜನ ಇರುವಲ್ಲಿ ಬಾಯಾರಿದವನು ಕತ್ತಲೆಯಲ್ಲಿ ಚೀಟಿ ಓದುವುದಿಲ್ಲ.

ಅಭ್ಯಾಸಕ್ಕೆ

೧. ನೂರಕ್ಕೆ ೪ ಪಾಲಿನ ಬ್ಲೀಚು ಇದೆ. ೬ ಲೀಟರು ನೀರಿಗೆ ಎಷ್ಟು ಬೇಕು?
೨. ನೂರಕ್ಕೆ ೫ ಪಾಲಿನದಾದರೆ ೧೫ ಲೀಟರಿಗೆ ಎಷ್ಟು?
೩. ಭರಣಿಯ ಒಳಗೆ ಎಣ್ಣೆಯ ಪಸೆ ಇದೆ. ಬ್ಲೀಚನ್ನು ಎಷ್ಟು ಹೆಚ್ಚಿಸಬೇಕು?

ಉತ್ತರ: ಮೊದಲನೆಯದಕ್ಕೆ ೩೦ ಮಿಲಿಲೀಟರು. ಎರಡನೆಯದಕ್ಕೆ ೬೦ ಮಿಲಿಲೀಟರು. ಮೂರನೆಯದಕ್ಕೆ ಒಂದು ಹನಿಯನ್ನೂ ಹೆಚ್ಚಿಸಬೇಕಾಗಿಲ್ಲ. ಭರಣಿಯನ್ನು ಸಾಬೂನು ಹಾಕಿ ಮತ್ತೊಮ್ಮೆ ತಿಕ್ಕಬೇಕು.

ಮೊದಲು ತೊಳೆಯಿರಿ, ಆಮೇಲೆ ಅಳೆಯಿರಿ, ವೇಳೆ ಕೊಡಿರಿ, ಬೇರೆಯದರೊಡನೆ ಬೆರೆಸಬೇಡಿರಿ. ಪಾಠದ ಸಾರ ಈ ನಾಲ್ಕು ಮಾತು. ಇದನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ವಾಚನಾಲಯದ ಬಾಗಿಲ ಪಕ್ಕದಲ್ಲಿ ಅಂಟಿಸಿದ್ದೇವೆ. ಬೇಕಾದವರು ಬರೆದುಕೊಂಡು ತಮ್ಮ ಮೋರಿಯ ಮೇಲಿನ ಗೋಡೆಗೆ ಅಂಟಿಸಿಕೊಳ್ಳಬಹುದು.

ಹುಡುಗ ಕಳೆದ ವಾರ ಭರಣಿಯನ್ನು ತೊಳೆದ. ನಾವು ಪಕ್ಕದಲ್ಲಿ ನಿಂತು ಗಡಿಯಾರ ನೋಡಿದೆವು. ಕಿಟಕಿ ತೆರೆದಿತ್ತು, ಮಲಗಿದವರು ಯಾರೂ ಇರಲಿಲ್ಲ. ಭರಣಿ ಈಗ ಬೋರಲಾಗಿ ಒಣಗಿ, ಊರಿನಿಂದ ಬರುವ ಮಿಡಿಗಾಗಿ ಕಾದಿದೆ.